ಕಾಲಿಗೆ ಕಟ್ಟಿದ ಜೋಡಿ ಕಾಯಿ

ಪಂಜ ಎಂಬ ಊರಿನ ಕುಣಿತ ಭಜನೆಯ ಹೊತ್ತಿಗೆ ತಮ್ಮ ಎರಡೂ ಮೊಣಕಾಲುಗಳನ್ನು ಕುದುರೆಯ ಕಾಲುಗಳನ್ನಾಗಿ ಮಾಡಿಬಿಡುವುದಾಗಿ ಕೆದಂಬಾಡಿಯ ಕೃಷ್ಣಮೋಹನರು ಘೋಷಿಸಿದರು! ಘೋಷಣೆ ಹೊರಟದ್ದು ಜಗಲಿಯ ಆರಾಮ ಕುರ್ಚಿಯಿಂದ. ಕೇಳಲು ನೆರೆದಿದ್ದ ಮಹಾಸಭೆಯಲ್ಲಿ ಒಬ್ಬರೇ ಇದ್ದರು, ಅವರ ಹೆಂಡತಿ ಕೌಸಲ್ಯಕ್ಕ. ಅವರು ಎದುರಿನ ಮರದ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕುಳಿತು, ಬಲಗಾಲನ್ನು ಮೆಲ್ಲನೆ ಮುಂದಕ್ಕೆ ಚಾಚಿ, ಸ್ವಲ್ಪ ಹೊತ್ತು ಹಾಗೇ ಹಿಡಿದು, ಮತ್ತೆ ಮೆಲ್ಲನೆ ಇಳಿಸುವ ಕೆಲಸದಲ್ಲಿದ್ದರು.

"ಮೊದಲು ಆ ಕುರ್ಚಿಯಿಂದ ಕೈ ಊರದೆ ಒಮ್ಮೆ ಏಳಿ ನೋಡುವ," ಎಂದರು ಕೌಸಲ್ಯಕ್ಕ, ಕಾಲಿನಿಂದ ಕಣ್ಣು ತೆಗೆಯದೆ.

ಕೃಷ್ಣಮೋಹನರು ಏಳಲಿಲ್ಲ. ಏಳಲಾಗದೆ ಅಲ್ಲ, ಏಳಬೇಕಾದಂಥ ಕೆಲಸ ಆ ಕ್ಷಣದಲ್ಲಿ ಇರಲಿಲ್ಲ ಎಂಬುದು ಅವರ ಅಭಿಪ್ರಾಯ.

ಈ ಮನುಷ್ಯ ಒಂದು ಕಾಲದಲ್ಲಿ ಸಾಮಾನ್ಯದವರಲ್ಲ. ಹಗ್ಗಜಗ್ಗಾಟದಲ್ಲಿ ಸಾಲಿನ ಕಟ್ಟಕಡೆಗೆ, ಹಗ್ಗವನ್ನು ಮೈಗೆ ಸುತ್ತಿಕೊಂಡು, ಹಿಮ್ಮಡಿಯನ್ನು ಮಣ್ಣಿಗೆ ಊರಿ ನಿಲ್ಲುತ್ತಿದ್ದವರು. ಅವರ ಮುಂದೆ ನಿಲ್ಲುತ್ತಿದ್ದವನು ಪಂಜದ ತೀರ್ಥರಾಮ. ಈಗಲೂ ಮದುವೆ, ಗೃಹಪ್ರವೇಶಗಳಲ್ಲಿ ಇಬ್ಬರೂ ಸಿಕ್ಕಿದರೆ ಊಟದ ಎಲೆಯ ಮುಂದೆ ಆ ಹಳೆಯ ಹಗ್ಗವನ್ನು ಇನ್ನೊಮ್ಮೆ ಎಳೆಯುತ್ತಾರೆ. ವರ್ಷ ಹೋದಂತೆಲ್ಲ ಎದುರು ತಂಡದವರು ದಪ್ಪವಾಗುತ್ತಾ ಬಂದಿದ್ದಾರೆ. ಸದ್ಯದ ಲೆಕ್ಕದಲ್ಲಿ ಅವರು ಆನೆಗಳಿಗೆ ಸ್ವಲ್ಪ ಕಡಿಮೆ.

ಅಂಥ ಮೊಣಕಾಲಿಗೆ ಬಂದದ್ದು ಸಂಧಿವಾತ. ಬೆಳಿಗ್ಗೆ ಎದ್ದರೆ ಗಂಟು ಬಿಗಿದಿರುತ್ತದೆ, ಮೆಟ್ಟಿಲು ಇಳಿದರೆ ಕಟಕಟ ಎನ್ನುತ್ತದೆ, ಬಚ್ಚಲಿನಲ್ಲಿ ಬಗ್ಗಿದರೆ ಏಳಲು ಗೋಡೆ ಬೇಕು. ಕೌಸಲ್ಯಕ್ಕನಿಗೂ ಅದೇ. ಪುತ್ತೂರಿನ ಡಾಕ್ಟರು ಒಂದೇ ದಿನ ಇಬ್ಬರನ್ನೂ ಪರೀಕ್ಷಿಸಿ, ಇಬ್ಬರಿಗೂ ಒಂದೇ ರೋಗದ ಹೆಸರು ಹೇಳಿ, ಇಬ್ಬರನ್ನೂ ಒಂದೇ ಕೋಣೆಗೆ ಕಳಿಸಿದರು. ಜಾತಕ ನೋಡಿ ಮದುವೆ ಮಾಡಿಸಿದವರಿಗೂ ಇವರಿಬ್ಬರ ನಡುವೆ ಇಷ್ಟು ಹೊಂದಾಣಿಕೆ ಕಂಡಿರಲಿಲ್ಲ.

ಆ ಕೋಣೆಯಲ್ಲಿದ್ದವರು ವ್ಯಾಯಾಮ ಹೇಳಿಕೊಡುವ ಫಿಸಿಯೋಥೆರಪಿಸ್ಟ್ ನುಸೈಬಾ. ಮಗಳ ಪ್ರಾಯದ ಹೆಂಗಸು, ಮಾತು ಮೆತ್ತಗೆ, ಹಿಡಿತ ಗಟ್ಟಿ. ನೋಯುತ್ತದೆಂದು ಕೂತೇ ಇದ್ದರೆ ಗಂಟು ಇನ್ನೂ ಬಿಗಿಯುತ್ತದೆ, ಅದಕ್ಕಾಗಿ ಆಡಿಸುತ್ತಿರಬೇಕು. ಆದರೆ ಹಾರುವುದು, ಕುಪ್ಪಳಿಸುವುದು, ಭಾರ ಹಾಕುವುದು ಬೇಡ. ಗೋಡೆಗೆ ತಾಗಿಸಿಟ್ಟ ಗಟ್ಟಿ ಕುರ್ಚಿ ಸಾಕು. ಮಾಡಿದ ನೋವು ಮರುದಿನವೂ ಉಳಿದರೆ ಮಾಡಿದ್ದು ಹೆಚ್ಚಾಯಿತು ಎಂದು ತಿಳಿಯಬೇಕು ಎಂದೆಲ್ಲ ವಿವರಿಸಿದರು. ಮೊಣಕಾಲಿನ ಅಡಿಗೆ ಟವೆಲು ಸುತ್ತಿ ಇಟ್ಟು ಒತ್ತುವುದನ್ನು ತೋರಿಸಿದರು. ಕೊನೆಗೆ ಪಾದಕ್ಕೆ ಸಿಕ್ಕಿಸಿ ಎಳೆಯಲು ಒಂದು ರಬ್ಬರಿನ ಪಟ್ಟಿ ಕೊಟ್ಟರು.

ಕೃಷ್ಣಮೋಹನರು ಆ ಪಟ್ಟಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ನೋಡಿದರು. ಊರೇ ಎಳೆದರೂ ಕದಲದ ಹಗ್ಗವನ್ನು ಮೈಗೆ ಸುತ್ತಿಕೊಂಡ ವೀರನಿಗೆ ಈಗ ಲಂಗದ ಎಲಾಸ್ಟಿಕ್ಕು!

"ಇದು ಮಕ್ಕಳಾಟ ಅಲ್ವಾ ಡಾಕ್ಟ್ರೇ? ನಾನು ಹಗ್ಗ ಎಳೆದು ಗೆದ್ದ ಕಾಲು ಇದು."

"ಸರ್, ಇದು ಗೆಲ್ಲುವ ಆಟ ಅಲ್ಲ," ಎಂದರು ನುಸೈಬಾ. "ನಾಳೆಯೂ ಮಾಡ್ಲಿಕ್ಕೆ ಆಗುವಷ್ಟೇ ಇವತ್ತು ಮಾಡುದು. ಅಷ್ಟೇ."

ಗೆಲ್ಲಲು ಇಲ್ಲದ ಆಟವನ್ನು ಕೃಷ್ಣಮೋಹನರು ಯಾಕೆ ಆಡುತ್ತಾರೆ? ರಬ್ಬರಿನ ಪಟ್ಟಿ ಮನೆಗೆ ಬಂದ ವಾರದಲ್ಲೇ ಹಿಂಡಿಯ ಗೋಣಿಯ ಬಾಯಿ ಕಟ್ಟುವ ಕೆಲಸಕ್ಕೆ ಸೇರಿತು. ಕೌಸಲ್ಯಕ್ಕ ಮಾತ್ರ ತಮ್ಮ ಪಟ್ಟಿಯನ್ನು ದೇವರ ಕೋಣೆಯ ಬಾಗಿಲ ಮೊಳೆಗೆ ತೂಗುಹಾಕಿ, ದೀಪ ಹಚ್ಚಿದ ಹಾಗೆ ದಿನಾ ಕುರ್ಚಿಯಲ್ಲಿ ಕೂತರು.

ಅವರಿಗೆ ಒಂದು ಆಸೆ ಇತ್ತು. ಭಜನಾ ಮಂದಿರದಲ್ಲಿ ಹಾಡುವುದರಲ್ಲಿ ಕೌಸಲ್ಯಕ್ಕನದು ಹಳೆಯ ಗಂಟಲು. ಆದರೆ ಈಗಿನ ಕುಣಿತ ಭಜನೆ ಕೂತು ಹಾಡುವುದಲ್ಲ. ಕೈಯಲ್ಲಿ ತಾಳ, ಬಾಯಲ್ಲಿ ದೇವರ ನಾಮ, ಕಾಲಲ್ಲಿ ಹೆಜ್ಜೆ, ಜೋಡಿ ಜೋಡಿಯಾಗಿ ದೀಪದ ಸುತ್ತ ಕುಣಿಯುತ್ತಾ ಹೋಗುವುದು. ಊರಿನ ಹೆಂಗಸರು ಒಂದೇ ಬಣ್ಣದ ಸೀರೆಯುಟ್ಟು ಸಾಲಾಗಿ ಕುಣಿಯುವಾಗ ಕೌಸಲ್ಯಕ್ಕ ಕಟ್ಟೆಯ ಮೇಲೆ ಕುಳಿತು ಎಲ್ಲರ ಚಪ್ಪಲಿ, ಬ್ಯಾಗು ಕಾಯುತ್ತಿದ್ದರು. ಹಾಡು ಬಾಯಲ್ಲಿದ್ದು ಕಾಲಲ್ಲಿ ಬಾರದಿದ್ದರೆ ಎಷ್ಟು ಸಂಕಟ ಎಂಬುದು ಹಾಗೆ ಬ್ಯಾಗು ಕಾದವರಿಗೇ ಗೊತ್ತು.

ಕುರ್ಚಿಯ ವ್ಯಾಯಾಮ ಕೈ ಬಿಡಲಿಲ್ಲ. ಮಳೆಗಾಲ ಹೋಗಿ ಚಳಿ ಬರುವಷ್ಟರಲ್ಲಿ ಕೌಸಲ್ಯಕ್ಕ ಕೈ ಊರದೆ ಏಳತೊಡಗಿದರು. ಆಮೇಲೆ ಗೇಟಿನವರೆಗೆ ನಡಿಗೆ, ಆಮೇಲೆ ರಸ್ತೆಯ ತಿರುವಿನವರೆಗೆ. ನುಸೈಬಾ ಕಾಲಿಗೆ ಕಟ್ಟಲು ಒಂದು ಪುಟ್ಟ ಮರಳಿನ ಚೀಲ ಕೊಟ್ಟರು, ಅಂಗೈಯಲ್ಲಿ ಹಿಡಿಯುವಷ್ಟು. ಕೊನೆಗೊಂದು ದಿನ ಒಪ್ಪಿಗೆಯೂ ಸಿಕ್ಕಿತು: ನಿಧಾನದ ಹೆಜ್ಜೆ ಹಾಕಬಹುದು, ಹಾರುವ ಹೆಜ್ಜೆ ಬಂದಾಗ ನಿಂತಲ್ಲೇ ತಾಳ ಹಾಕಬೇಕು. ತಂಡದವರು ಕೌಸಲ್ಯಕ್ಕನನ್ನು ಕೊನೆಯ ಸಾಲಿಗೆ ಹಾಕಿದರು, ಪಕ್ಕದ ಮನೆಯ ವಸುಮತಿಯ ಜೋಡಿಯಾಗಿ. ಸಮವಸ್ತ್ರದ ಸೀರೆ ಬಂತು, ಹಳದಿ ಮೈ, ಕೆಂಪು ಅಂಚು. ಅದನ್ನು ಇಸ್ತ್ರಿ ಮಾಡಿ ಕಪಾಟಿನ ಬಾಗಿಲಿಗೆ ತೂಗುಹಾಕಿ ಕೌಸಲ್ಯಕ್ಕ ಹೋಗುವಾಗ ಬರುವಾಗ ನೋಡುತ್ತಿದ್ದರು. ತಮ್ಮ ಮದುವೆಯ ಧಾರೆ ಸೀರೆಯನ್ನೂ ಅವರು ಹಾಗೆ ನೋಡಿದ್ದನ್ನು ಕೃಷ್ಣಮೋಹನರು ಕಂಡಿರಲಿಲ್ಲ.

ಇಲ್ಲಿಗೆ ಸುಮ್ಮನಿದ್ದರೆ ಆಗಿತ್ತು. ಆದರೆ ಹೆಂಡತಿ ಸರಸರ ನಡೆಯುವಾಗ ತಾನು ಗೋಡೆ ಹಿಡಿದು ನಡೆಯುವುದು ಯಾವ ಗಂಡಸಿಗೆ ಸಹ್ಯವಾಗುತ್ತದೆ? ತಂಡ ಕುಣಿಯಲಿದ್ದ ಪಂಜದ ಕಾರ್ಯಕ್ರಮದ ಕೊನೆಯ ಸುತ್ತಿನಲ್ಲಿ ಬಂದವರೆಲ್ಲ ಸೇರಿ ಕುಣಿಯಬಹುದು ಎಂಬ ಸುದ್ದಿ ಕಿವಿಗೆ ಬಿದ್ದದ್ದೇ, ಕೃಷ್ಣಮೋಹನರು ತೀರ್ಥರಾಮನಿಗೆ ಫೋನು ಮಾಡಿದರು. ಈ ಸಲ ನಮ್ಮ ಮನೆಯಿಂದ ಇಬ್ಬರು ಕುಣಿಯುವುದು, ನೋಡಲು ಎದುರಿನ ಕುರ್ಚಿ ಹಿಡಿದಿಡು ಎಂದರು. ಮೇಲಿನ ಕುದುರೆಯ ಘೋಷಣೆ ಹುಟ್ಟಿದ್ದು ಆ ಫೋನಿನ ಮರುಕ್ಷಣದಲ್ಲಿ.

ಘೋಷಣೆಯ ಹಿಂದೆ ಒಂದು ಸಿದ್ಧಾಂತವೂ ಇತ್ತು. ಅಂಗಳದಲ್ಲಿ ಅಡಿಕೆ ಒಣಗಲು ಹಾಕಿದರೆ ತಿರುವಿ ಹಾಕಲು ನಮ್ಮ ಕಡೆ ಕೈ ಬೇಡ. ಅಡಿಕೆಯ ನಡುವೆ ಕಾಲೆಳೆಯುತ್ತಾ ನಡೆದರೆ ಸಾಕು, ಹಿಂದಿನಿಂದ ಉತ್ತ ಗದ್ದೆಯ ಹಾಗೆ ಸಾಲು ಬೀಳುತ್ತದೆ, ಅಡಿಯ ಅಡಿಕೆ ಮೇಲೆ ಬರುತ್ತದೆ. ಒಂದೇ ನಿಯಮ, ಕಾಲು ಎತ್ತಬಾರದು, ಎಳೆಯಬೇಕು. ಎತ್ತಿ ಇಟ್ಟರೆ ಉರುಟು ಅಡಿಕೆ ಅಂಗಾಲಿನ ಅಡಿಗೆ ಬಂದು ಗಾಡಿಯ ಚಕ್ರವಾಗುತ್ತದೆ. ಅಡಿಕೆಯ ಮನೆಯಲ್ಲಿ ಹುಟ್ಟಿದ ಮಗುವಿಗೂ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

"ನನ್ನ ಅಜ್ಜಿ ಸಾಯುವ ತನಕ ಅಂಗಳದಲ್ಲಿ ಅಡಿಕೆ ತಿರುವಿದ್ದು," ಎಂದರು ಕೃಷ್ಣಮೋಹನರು. "ಅವರಿಗೆ ಯಾವ ನುಸೈಬಾ ಇದ್ದದ್ದು? ಬಿಸಿಲಿನ ಶಾಖ, ಅಡಿಕೆಯ ಒತ್ತು, ಕಾಲಿಗೆ ಎಳೆತ. ಮೂರೂ ಒಟ್ಟಿಗೆ ಉಂಟು. ಕೆಲಸವೂ ಆಯ್ತು, ಮದ್ದೂ ಆಯ್ತು."

"ನಿಮ್ಮ ಅಜ್ಜಿ ಕೊನೆಗೆ ಗೋಡೆ ಹಿಡಿದೇ ನಡೆದದ್ದು. ನಾನೇ ಮೀಯಿಸಿದ್ದು ಅವರನ್ನು."

ಸಿದ್ಧಾಂತಿಗಳು ಇಂಥ ಸಣ್ಣ ಆಕ್ಷೇಪಗಳಿಗೆ ಕಿವಿಗೊಡುವುದಿಲ್ಲ. ಕೃಷ್ಣಮೋಹನರು ಪಂಚೆ ಎತ್ತಿ ಕಟ್ಟಿ ಅಂಗಳಕ್ಕೆ ಇಳಿದರು. ಮೊದಲ ದಿನ ಕಾಲೆಳೆದು ಅಡಿಕೆ ತಿರುವಿದರು. ಆ ದಿನ ನಿಜವಾಗಿ ಹಿತವೆನಿಸಿತು, ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆ ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ. ಮರುದಿನ ಮೊಣಕಾಲು ಸ್ವಲ್ಪ ಊದಿತು. ಅದನ್ನು ಅವರು ಬಲ ಬರುತ್ತಿರುವ ಲಕ್ಷಣ ಎಂದು ತಿಳಿದು ಇನ್ನಷ್ಟು ತಿರುವಿದರು. ಆ ವಾರ ನಮ್ಮ ತಾಲೂಕಿನಲ್ಲೇ ಅಷ್ಟು ತಿರುವಿಸಿಕೊಂಡ ಅಡಿಕೆ ಬೇರೆ ಇರಲಿಕ್ಕಿಲ್ಲ!

ಆಮೇಲೆ ಕಣ್ಣು ಬಿದ್ದದ್ದು ಕೌಸಲ್ಯಕ್ಕನ ಮರಳಿನ ಚೀಲದ ಮೇಲೆ. ಹೆಂಗಸಿಗೆ ಅಷ್ಟು ಭಾರವಾದರೆ ಹಗ್ಗದ ಕೊನೆಗೆ ನಿಂತವನಿಗೆ ಎಷ್ಟು? ಜಗಲಿಯ ಮೂಲೆಯ ಬಿದಿರಿನ ಮೇಲೆ ತೆಂಗಿನಕಾಯಿಗಳು ತೂಗುತ್ತಿದ್ದವು. ಕಾಯಿಯ ಸಿಪ್ಪೆಯಿಂದ ಒಂದೊಂದು ಪಟ್ಟಿ ಸೀಳಿ, ಎರಡೆರಡನ್ನು ಒಂದಕ್ಕೊಂದು ಗಂಟು ಹಾಕಿ ಜೋಡಿ ಮಾಡಿ ತೂಗುಹಾಕುವುದು ಇಲ್ಲಿನ ಪದ್ಧತಿ. ಎತ್ತಲೂ ಸುಲಭ, ಒಯ್ಯಲೂ ಸುಲಭ. ಕಾಲಿಗೆ ಕಟ್ಟಲೂ ಸುಲಭ ಎಂಬುದನ್ನು ಕಂಡುಹಿಡಿದ ಕೀರ್ತಿ ಮಾತ್ರ ಕೃಷ್ಣಮೋಹನರೊಬ್ಬರಿಗೇ ಸಲ್ಲಬೇಕು. ಬಲಗಾಲಿಗೆ ಒಂದು ಜೋಡಿ, ಎಡಗಾಲಿಗೆ ಒಂದು ಜೋಡಿ, ಪಾದದ ಮೇಲಿನ ಹರಡಿನ ಎರಡೂ ಬದಿಗೆ ಒಂದೊಂದು ಕಾಯಿ. ಕಟ್ಟಿಕೊಂಡು ನಡೆದು ನೋಡಿದರು. ಭಾರ ಇತ್ತು, ಗಾಂಭೀರ್ಯವೂ ಇತ್ತು. ಎದುರಿಗೆ ಯಾರೂ ಇಲ್ಲದ್ದೊಂದೇ ಕೊರತೆ.

ಎದುರಿಗೆ ಒಬ್ಬರು ಬೇಕೆನಿಸಿದ್ದೇ ಅನರ್ಥಕ್ಕೆ ದಾರಿಯಾಯಿತು. ಪಂಜಕ್ಕೆ ಹೋಗಲು ಇನ್ನು ಕೆಲವೇ ದಿನ ಇತ್ತು. ಸಂಜೆ ಅಭ್ಯಾಸಕ್ಕೆ ಹೊರಟ ಕೌಸಲ್ಯಕ್ಕ ಕೈಯಲ್ಲಿ ತಾಳ ಹಿಡಿದು, ಸಮದ್‌ನ ಆಟೋ ಕಾಯುತ್ತಾ ಜಗಲಿಯಲ್ಲಿ ನಿಂತಿದ್ದರು.

"ಒಂದು ನಿಮಿಷ ನಿಲ್ಲು. ನನ್ನ ಹೆಜ್ಜೆ ನೋಡಿ ಹೋಗು," ಎಂದು ಅಂಗಳದಿಂದ ದನಿ ಬಂತು.

ಕೌಸಲ್ಯಕ್ಕ ತಿರುಗಿ ನೋಡಿದರು. ಅಡಿಕೆಯ ನಟ್ಟನಡುವೆ ಗಂಡ. ಎತ್ತಿ ಕಟ್ಟಿದ ಪಂಚೆ. ಅದರ ಕೆಳಗೆ ನಾಲ್ಕು ತೆಂಗಿನಕಾಯಿ.

"ಎಂತ ಅದು ಕಾಲಲ್ಲಿ? ಬಿಚ್ಚಿ ಮಾರಾಯ್ರೆ. ಕುಣಿಯುದಾದ್ರೆ ನೆಲದಲ್ಲಿ ಕುಣಿಯಿರಿ, ಅಡಿಕೆ ಮೇಲೆ ಅಲ್ಲ."

"ನೀನು ತಾಳ ಹಾಕು."

"ನಾನು ಹಾಕುದಿಲ್ಲ. ಮೊದಲು ಮೇಲೆ ಬನ್ನಿ."

ತಾಳ ಇಲ್ಲದಿದ್ದರೇನು, ಬಾಯಿ ಇದೆಯಲ್ಲ! ಕೃಷ್ಣಮೋಹನರು ತಕಿಟ ತಕಿಟ ಎಂದು ತಾವೇ ಹೇಳಿಕೊಂಡು ಬಲಗಾಲು ಎತ್ತಿದರು. ಹೌದು, ಎತ್ತಿದರು. ಹುಟ್ಟಿದಾರಭ್ಯ ಆ ಅಂಗಳದಲ್ಲಿ ಎಳೆದ ಕಾಲನ್ನು ಅಂದು ಎತ್ತಿದರು. ಎತ್ತಿದ ಕಾಲಿನ ಕಾಯಿ ಬೀಸಿ ಬಂದು ನಿಂತ ಕಾಲಿನ ಹರಡಿಗೆ ಬಡಿಯಿತು. ನಿಂತ ಕಾಲಿನ ಅಡಿಯಲ್ಲಿ ಅಡಿಕೆಗಳು ತಮ್ಮ ಸ್ವಧರ್ಮವನ್ನು ನೆನಪಿಸಿಕೊಂಡವು. ಅಲ್ಲಿಂದ ಮುಂದಿನದ್ದನ್ನು ಕುಣಿತ ಎನ್ನುವ ಹಾಗಿಲ್ಲ, ಅದೊಂದು ಪ್ರಯಾಣ. ಕೈ ಎರಡೂ ಆಕಾಶಕ್ಕೆ, ಕಾಲಿನ ಕಾಯಿ ನಾಲ್ಕೂ ನಾಲ್ಕು ದಿಕ್ಕಿಗೆ ಬೀಸುತ್ತಾ, ಕೃಷ್ಣಮೋಹನರು ಅಂಗಳದ ಉದ್ದಕ್ಕೆ ಜಾರುತ್ತಾ ಹೋಗಿ ಅಂಚಿನಲ್ಲಿ ಒಟ್ಟಿದ್ದ ಅಡಿಕೆ ಸಿಪ್ಪೆಯ ರಾಶಿಯೊಳಗೆ ಸೊಂಟದವರೆಗೆ ಹುಗಿದುಹೋದರು.

ಸಿಪ್ಪೆ ಮೆತ್ತಗಿತ್ತು. ಏನೂ ಆಗಲಿಲ್ಲ. ಒಂದು ಗೀರೂ ಇಲ್ಲ! ತಲೆಗೆ ಅಂಟಿದ ನಾರು ಕೊಡವುತ್ತಾ ಅವರು ಜಯಘೋಷ ಮಾಡಿಯೇಬಿಟ್ಟರು.

"ನೋಡಿದೆಯಾ? ಬಿದ್ರೂ ಎಂತ ಆಗ್ಲಿಲ್ಲ. ವ್ಯಾಯಾಮ ಮಾಡಿದ ಶರೀರ ಅಂದರೆ ಹೀಗೆ."

ಜಗಲಿಯಲ್ಲಿ ಕೌಸಲ್ಯಕ್ಕ ಇರಲಿಲ್ಲ.

ಅವರು ಅಂಗಳದಲ್ಲಿ, ಅಡಿಕೆಯ ಮೇಲೆ ಕುಳಿತಿದ್ದರು. ತಾಳ ಒಂದು ಕಡೆ, ಚಪ್ಪಲಿ ಒಂದು ಕಡೆ. ಎರಡೂ ಕೈಯಲ್ಲಿ ಬಲ ಮೊಣಕಾಲನ್ನು ಒತ್ತಿ ಹಿಡಿದಿದ್ದರು. ಜಗಲಿಯ ಮೆಟ್ಟಿಲನ್ನು ಕಂಬ ಹಿಡಿದು ಒಂದೊಂದಾಗಿಯೇ ಇಳಿಯಲು ನುಸೈಬಾ ಹೇಳಿಕೊಟ್ಟಿದ್ದರು, ಅಷ್ಟೂ ತಿಂಗಳು ಕೌಸಲ್ಯಕ್ಕ ಒಮ್ಮೆಯೂ ತಪ್ಪದೆ ಹಾಗೆಯೇ ಇಳಿದಿದ್ದರು. ಗಂಡ ಜಾರಿದ್ದನ್ನು ಕಂಡ ಆ ಒಂದು ಗಳಿಗೆಯಲ್ಲಿ ಮಾತ್ರ ಕಂಬ ಮರೆತುಹೋಯಿತು, ಮೊಣಕಾಲು ಮರೆತುಹೋಯಿತು. ಅವರು ಜಗಲಿಯಿಂದ ನೇರ ಅಡಿಕೆಯ ಮೇಲೆ ಹಾರಿದ್ದರು. ಹಿಡಿಯಲು.

"ಏಳು, ಎಂತ ಆಗ್ಲಿಲ್ಲ," ಎಂದರು ಕೃಷ್ಣಮೋಹನರು ಹತ್ತಿರ ಬಂದು. ದನಿಯಲ್ಲಿ ಜಯಘೋಷ ಸ್ವಲ್ಪವೂ ಉಳಿದಿರಲಿಲ್ಲ.

"ಏಳ್ಲಿಕ್ಕೆ ಆಗುದಿಲ್ಲ," ಎಂದರು ಕೌಸಲ್ಯಕ್ಕ. "ನಿಮಗೆ ತಾಗಿತಾ?"

ಆ ಪ್ರಶ್ನೆ ಅವರಿಗೆ ಸಿಪ್ಪೆಯ ರಾಶಿಗಿಂತ ಬಹಳ ಗಟ್ಟಿಯಾಗಿ ತಾಗಿತು.

ಅಷ್ಟರಲ್ಲಿ ಸಮದ್ ಆಟೋ ತಂದ. ಅಭ್ಯಾಸಕ್ಕೆ ಹೋಗಬೇಕಾದ ಆಟೋ ಪುತ್ತೂರಿನ ಆಸ್ಪತ್ರೆಗೆ ತಿರುಗಿತು. ಗಡಿಬಿಡಿಯಲ್ಲಿ ಕೃಷ್ಣಮೋಹನರು ಬಲಗಾಲಿನ ಜೋಡಿ ಕಾಯಿ ಕಿತ್ತೆಸೆದಿದ್ದರು, ಎಡಗಾಲಿನದ್ದರ ಗಂಟು ಬಿಗಿದು ಬಿಚ್ಚಲು ಬರಲಿಲ್ಲ. ಇರಲಿ ಎಂದು ಪಂಚೆ ಇಳಿಬಿಟ್ಟು ಮುಚ್ಚಿಕೊಂಡರು. ಸಮದ್ ಕನ್ನಡಿಯಲ್ಲಿ ಎರಡು ಮೂರು ಸಲ ನೋಡಿದ. ಡಾಕ್ಟರಿಗೆಂದು ಪ್ರೀತಿಯಿಂದ ಕಾಯಿ ಕೊಂಡುಹೋಗುವವರನ್ನು ಅವನು ಎಷ್ಟೋ ಕಂಡಿದ್ದ. ಕಾಲಲ್ಲಿ ಕೊಂಡುಹೋಗುವವರನ್ನು ಕಂಡದ್ದು ಅಂದೇ ಮೊದಲು. ಅವರ ಮನೆಯ ವಿಷಯ ನಮಗೇಕೆ ಎಂದು ರಸ್ತೆಯ ಕಡೆ ಕಣ್ಣು ತಿರುಗಿಸಿದ.

ಆಸ್ಪತ್ರೆಯ ಬಾಗಿಲಲ್ಲಿ ಗಾಲಿ ಕುರ್ಚಿ ತಂದ ಹೆಂಗಸು ನೇರವಾಗಿ ಕೃಷ್ಣಮೋಹನರ ಹತ್ತಿರ ಬಂದು ಕುಳಿತುಕೊಳ್ಳಿ ಎಂದಳು. ಎಡಗಾಲನ್ನು ಅಷ್ಟು ಕಷ್ಟಪಟ್ಟು ಎಳೆಯುತ್ತಿದ್ದವರು ಅಲ್ಲಿ ಅವರೊಬ್ಬರೇ. ನನಗಲ್ಲ, ಅವಳಿಗೆ ಎಂದು ಹೇಳಿ ಅವರು ಆಟೋದ ಕಡೆ ಕೈ ತೋರಿಸಿದರು.

ಎಕ್ಸ್‌ರೇ ಆಯಿತು. ಎಲುಬು ಮುರಿದಿರಲಿಲ್ಲ. ಡಾಕ್ಟರು ನೋಡಿ ನುಸೈಬಾರನ್ನು ಕರೆಸಿದರು. ಅವರು ಬಂದು ಕೌಸಲ್ಯಕ್ಕನ ಊದಿದ ಮೊಣಕಾಲನ್ನು ಮೆಲ್ಲನೆ ಮುಟ್ಟಿ, ಹೇಗಾಯಿತು ಎಂದು ಕೇಳಿದರು.

"ಅಡಿಕೆಯಲ್ಲಿ ಕಾಲು ಜಾರಿತು ಇವಳಿಗೆ," ಎಂದರು ಕೃಷ್ಣಮೋಹನರು ಥಟ್ಟನೆ.

ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಅದಕ್ಕೇ ಅದು ಅಷ್ಟು ದೊಡ್ಡ ಸುಳ್ಳು. ಕೌಸಲ್ಯಕ್ಕ ಗಂಡನ ಮುಖ ನೋಡಿದರು. ಆ ನೋಟ ತಪ್ಪಿಸಲು ಕೃಷ್ಣಮೋಹನರು ಒಂದು ಹೆಜ್ಜೆ ಹಿಂದೆ ಸರಿದರು. ಎಡಗಾಲಿನ ಕಾಯಿ ಕಬ್ಬಿಣದ ಮಂಚದ ಕಾಲಿಗೆ ಬಡಿದು ಢಣ್ ಎಂದಿತು.

ನುಸೈಬಾ ಬಗ್ಗಿ ನೋಡಿದರು. ಪಂಚೆಯ ಅಂಚಿನಲ್ಲಿ ಜೋಡಿ ಕಾಯಿ ಇಣುಕುತ್ತಿತ್ತು. ಅವರು ಮೇಜಿನಿಂದ ಕತ್ತರಿ ತಂದು, ಗಂಟು ಕತ್ತರಿಸಿ, ಕಾಯಿಗಳನ್ನು ಎತ್ತಿ ಕೌಸಲ್ಯಕ್ಕನ ಎಕ್ಸ್‌ರೇಯ ಪಕ್ಕದಲ್ಲಿ ಇಟ್ಟರು. ನಗಲಿಲ್ಲ, ಬೈಯಲಿಲ್ಲ.

"ಸರ್, ನಿಮಗೆ ನಾನು ಮರಳಿನ ಚೀಲ ಸಹ ಕೊಟ್ಟಿರ್ಲಿಲ್ಲ," ಎಂದರು ಅಷ್ಟೇ.

ಮೊಣಗಂಟಿನ ಎಲುಬುಗಳನ್ನು ಕಟ್ಟಿಹಿಡಿಯುವ ಲಿಗಮೆಂಟು ಎಳೆದುಹೋಗಿದೆ, ಊತ ಇಳಿಯುವವರೆಗೆ ಐಸು, ಪಟ್ಟಿ, ವಿಶ್ರಾಂತಿ ಎಂದು ಹೇಳಿದರು. ಆಮೇಲೆ ಪುನಃ ಕುರ್ಚಿ, ಪುನಃ ಟವೆಲು, ಎಲ್ಲ ಮೊದಲಿನಿಂದ. ಕೌಸಲ್ಯಕ್ಕ ಕೇಳಿದ್ದು ಒಂದೇ ಮಾತು, ಪಂಜದ ಭಜನೆಗೆ ಆಗುತ್ತದಾ ಎಂದು. ನುಸೈಬಾ ತಲೆಯಾಡಿಸಿದರು. ಈ ವರ್ಷದ ಮಟ್ಟಿಗೆ ಕುಣಿತ ಬೇಡ ಕೌಸಲ್ಯಕ್ಕ ಎಂದರು.

ಮನೆಗೆ ಬಂದ ಮೇಲೆ ಕೃಷ್ಣಮೋಹನರು ಬೈಗುಳಕ್ಕಾಗಿ ಕಾದರು. ಬೈದರೆ ಅರ್ಧ ಭಾರ ಇಳಿಯುತ್ತದೆ, ತಿರುಗಿ ಎರಡು ಮಾತು ಆಡಿದರೆ ಉಳಿದರ್ಧವೂ ಇಳಿಯುತ್ತದೆ. ಅಷ್ಟು ವರ್ಷದ ಸಂಸಾರದಲ್ಲಿ ಅವರು ಕಲಿತ ಲೆಕ್ಕ ಅದು. ಆದರೆ ಕೌಸಲ್ಯಕ್ಕ ಬೈಯಲಿಲ್ಲ. ಮಂಜು ಬೀಳುತ್ತದೆ, ಅಡಿಕೆಗೆ ಟರ್ಪಾಲು ಹಾಕಿ ಎಂದರು. ಚಹಾಕ್ಕೆ ಸಕ್ಕರೆ ಕಡಿಮೆ ಮಾಡಿ ಎಂದರು. ಕೃಷ್ಣಮೋಹನರು ಐಸು ಕಟ್ಟಿದರು, ಗಂಜಿ ಮಾಡಿದರು, ಮಾಡಿದ ಗಂಜಿಯ ತಳ ಹಿಡಿಸಿದರು. ಅದಕ್ಕೂ ಬೈಗುಳ ಸಿಗಲಿಲ್ಲ. ತಳ ಹಿಡಿದ ಗಂಜಿಯನ್ನು ಹೆಂಡತಿ ಮಾತಿಲ್ಲದೆ ಉಣ್ಣುವುದನ್ನು ನೋಡುವುದಕ್ಕಿಂತ ದೊಡ್ಡ ಶಿಕ್ಷೆ ಯಾವ ಕಾನೂನಿನಲ್ಲೂ ಇರಲಿಕ್ಕಿಲ್ಲ.

ಊರಿನಲ್ಲಿ ಮಾತು ತನ್ನ ಕಾಲಿನಲ್ಲೇ ಓಡಾಡಿತು. ಅದಕ್ಕೆ ಯಾವ ಸಂಧಿವಾತವೂ ಇಲ್ಲ. ಕೌಸಲ್ಯಕ್ಕ ಅಡಿಕೆಯಲ್ಲಿ ಜಾರಿದರಂತೆ ಎಂದು ಹೊರಟದ್ದು ಅಂಗಡಿಯ ಹತ್ತಿರ ತಲುಪುವಾಗ ಕೌಸಲ್ಯಕ್ಕ ಕುಣಿಯಲು ಹೋಗಿ ಬಿದ್ದರಂತೆ ಎಂದಾಗಿತ್ತು. ಈ ಪ್ರಾಯದಲ್ಲಿ ಕುಣಿತ ಬೇಕಿತ್ತಾ ಎಂದು ಕೆಲವರು ಕೇಳಿದರು. ಅಂಗಡಿಯ ಬೆಂಚಿನಲ್ಲಿ ಕುಳಿತಿದ್ದ ಕೃಷ್ಣಮೋಹನರಿಗೆ ಅದು ಸ್ಪಷ್ಟವಾಗಿ ಕೇಳಿಸಿತು. ಅವರು ಪೇಪರನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದರು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದರೆ ಕಾಯಿಯ ಕಥೆ ಹೊರಗೆ ಬರುತ್ತದೆ, ಹಗ್ಗದ ಕೊನೆಗೆ ನಿಂತ ವೀರನ ಮಾನ ಹೋಗುತ್ತದೆ. ಹಾಗೆಂದು ಸುಮ್ಮನೆ ಕೂತು, ಹೆಂಡತಿಯ ಮಾನ ಕೊಟ್ಟು ತಮ್ಮ ಮಾನ ಉಳಿಸಿಕೊಂಡು ಮನೆಗೆ ಬಂದರು. ದಾರಿಯುದ್ದಕ್ಕೂ ತಮ್ಮ ಮೇಲೆ ತಮಗೇ ಅಸಹ್ಯವಾಯಿತು.

ಮನೆಯಲ್ಲಿ ವಸುಮತಿ ಬಂದು ಕುಳಿತಿದ್ದಳು. ಸಾಲಿನಲ್ಲಿ ಜೋಡಿ ತಪ್ಪುವ ಹಾಗಿಲ್ಲ, ಬೇರೊಬ್ಬಳನ್ನು ಸೇರಿಸಿಕೊಂಡಿದ್ದಾರೆ, ಆದರೆ ಅಂಗಡಿಯಲ್ಲಿ ಆ ಸೀರೆ ಮುಗಿದಿದೆ ಎಂದು ತಡವರಿಸುತ್ತಾ ಹೇಳುತ್ತಿದ್ದಳು. ಇನ್ನು ಪ್ರಾಯದವರನ್ನು ಕುಣಿತಕ್ಕೆ ಸೇರಿಸುವುದು ಬೇಡ, ಬಿದ್ದರೆ ಯಾರು ಹೊಣೆ ಎಂದು ತಂಡದಲ್ಲಿ ಮಾತಾಗುತ್ತಿದೆ ಎಂಬುದನ್ನೂ ಅವಳು ಮುಚ್ಚಿಡಲಿಲ್ಲ. ಕೌಸಲ್ಯಕ್ಕ ಕೋಲು ಊರಿಕೊಂಡು ಎದ್ದರು. ಕಪಾಟಿನ ಬಾಗಿಲಿನಿಂದ ಸೀರೆ ತೆಗೆದು, ಮಂಚದ ಮೇಲೆ ಹಾಸಿ, ಅಂಚಿಗೆ ಅಂಚು ಕೂಡಿಸಿ ಮಡಚಿದರು. ಮಡಚಿದ್ದನ್ನು ಒಮ್ಮೆ ಅಂಗೈಯಲ್ಲಿ ಸವರಿ ವಸುಮತಿಗೆ ಕೊಟ್ಟರು.

"ಇಸ್ತ್ರಿ ಆಗಿಯೇ ಉಂಟು. ಅವಳಿಗೆ ಹೇಳು, ತಿರುಗುವಾಗ ನೆರಿಗೆ ಕಾಲಿಗೆ ಸಿಕ್ಕುತ್ತದೆ, ಸ್ವಲ್ಪ ಎತ್ತಿ ಉಡಬೇಕು."

ವಸುಮತಿ ಹೋದ ಮೇಲೆ ಕಪಾಟಿನ ಬಾಗಿಲು ಬರಿದಾಗಿ ಕಂಡಿತು. ಕೃಷ್ಣಮೋಹನರು ಆ ಕಡೆ ನೋಡಲಾಗದೆ ಹೊರಗೆ ಹೋಗಿ, ಹಿಂಡಿಯ ಗೋಣಿಯ ಬಾಯಿ ಬಿಚ್ಚಿ ತಮ್ಮ ರಬ್ಬರಿನ ಪಟ್ಟಿಯನ್ನು ತೆಗೆದರು. ತೊಳೆದು, ಒಣಗಿಸಿ, ಹೆಂಡತಿಯ ಎದುರಿನ ಕುರ್ಚಿಯಲ್ಲಿ ಬಂದು ಕುಳಿತರು. ಕುರ್ಚಿ ಗೋಡೆಗೆ ತಾಗಿದೆಯೇ ನೋಡಿದರು. ಪಾದಕ್ಕೆ ಸಿಕ್ಕಿಸಿ ಎಳೆದರು. ಲಂಗದ ಎಲಾಸ್ಟಿಕ್ಕು ಎಂದು ಹಾಸ್ಯ ಮಾಡಿದ ವಸ್ತುವಿನ ಮುಂದೆ ಮೊಣಕಾಲು ಗಡಗಡ ನಡುಗಿತು. ಕೌಸಲ್ಯಕ್ಕ ನೋಡಿಯೂ ನೋಡದ ಹಾಗೆ ಕುಳಿತಿದ್ದರು.

ಪಂಜದ ದಿನ ಬಂತು. ನೀವು ಬೇಡ ಎಂದರೂ ನಾನು ಹೋಗುವುದೇ ಎಂದರು ಕೌಸಲ್ಯಕ್ಕ. ಬೇಡ ಎನ್ನುವ ಧೈರ್ಯ ಆ ಮನೆಯಲ್ಲಿ ಯಾರಿಗಿತ್ತು? ಸಮದ್‌ನ ಆಟೋದಲ್ಲಿ, ಮೊಣಕಾಲಿಗೆ ಪಟ್ಟಿ ಬಿಗಿದುಕೊಂಡು, ಕೋಲು ಹಿಡಿದುಕೊಂಡು ಹೋದರು. ತೀರ್ಥರಾಮ ಹೇಳಿದ್ದ ಮಾತು ತಪ್ಪದೆ ಎದುರಿನ ಕುರ್ಚಿಗಳನ್ನು ಹಿಡಿದಿಟ್ಟಿದ್ದ. ಗಂಡ ಹೆಂಡತಿ ಪಕ್ಕಪಕ್ಕ ಕುಳಿತರು. ತಂಡದ ಹೆಂಗಸರು ತಮ್ಮ ಬ್ಯಾಗುಗಳನ್ನು ತಂದು ಕೌಸಲ್ಯಕ್ಕನ ಕಾಲ ಬುಡದಲ್ಲಿ ಇಟ್ಟು ಹೋದರು, ಮೊದಲಿನ ಹಾಗೆಯೇ.

ಕುಣಿತ ಶುರುವಾಯಿತು. ಹಳದಿ ಸೀರೆಯ ಸಾಲು ದೀಪದ ಸುತ್ತ ತಿರುಗಿತು. ಕೊನೆಯ ಸಾಲಿನಲ್ಲಿ ವಸುಮತಿಯ ಪಕ್ಕದವಳು ಚೆನ್ನಾಗಿಯೇ ಕುಣಿಯುತ್ತಿದ್ದಳು, ನೆರಿಗೆಯನ್ನೂ ಎತ್ತಿ ಉಟ್ಟಿದ್ದಳು. ಕೌಸಲ್ಯಕ್ಕನ ತುಟಿಯಲ್ಲಿ ಹಾಡು ನಡೆಯುತ್ತಿತ್ತು. ಕೃಷ್ಣಮೋಹನರು ಕೆಳಗೆ ನೋಡಿದರು. ಸೀರೆಯ ಅಂಚಿನ ಅಡಿಯಲ್ಲಿ ಹೆಂಡತಿಯ ಎಡಗಾಲು ತಾಳಕ್ಕೆ ಸರಿಯಾಗಿ ಮೆಲ್ಲನೆ ಮುಂದೆ ಚಾಚಿ, ನಿಂತು, ಇಳಿಯುತ್ತಿತ್ತು. ಬಲಗಾಲು ಸುಮ್ಮನೆ ಊರಿಕೊಂಡಿತ್ತು. ಆ ಸುಮ್ಮನಿದ್ದ ಕಾಲನ್ನು ನೋಡಿ ಅವರ ಕಣ್ಣು ಮಂಜಾಯಿತು.

ಕೊನೆಯ ಸುತ್ತಿಗೆ ಎಲ್ಲರೂ ಬರಬಹುದು ಎಂದು ಕರೆದರು. ತಾಳಗಳೆಲ್ಲ ಒಂದು ಗಳಿಗೆ ನಿಂತವು. ತೀರ್ಥರಾಮ ಎದ್ದು ಶಲ್ಯವನ್ನು ಸೊಂಟಕ್ಕೆ ಕಟ್ಟುತ್ತಾ, ಆ ಮೌನದಲ್ಲಿ ಎಲ್ಲರಿಗೂ ಕೇಳುವಂಥ ತನ್ನ ಹಗ್ಗಜಗ್ಗಾಟದ ದನಿಯಲ್ಲಿ ಹೇಳಿದ.

"ಅತ್ತಿಗೆ ಈ ಪ್ರಾಯದಲ್ಲಿ ಕುಣಿಯಲು ಹೋಗಬಾರದಿತ್ತು, ಪಾಪ. ನೀನು ಬಾ ಕೃಷ್ಣ. ಇಬ್ಬರು ಕುಣಿಯುದು ಅಂತ ಹೇಳಿದ್ದೆಯಲ್ಲ."

ಎದುರಿನ ಸಾಲಿನವರೆಲ್ಲ ತಿರುಗಿ ಕೌಸಲ್ಯಕ್ಕನನ್ನು ನೋಡಿದರು. ಕೌಸಲ್ಯಕ್ಕ ತಲೆ ತಗ್ಗಿಸಿ ಬ್ಯಾಗುಗಳನ್ನು ಸರಿ ಮಾಡತೊಡಗಿದರು.

ಕೃಷ್ಣಮೋಹನರು ಕುರ್ಚಿಯ ಕೈ ಹಿಡಿಯದೆ, ನಡುಗುವ ಮೊಣಕಾಲಿನಲ್ಲಿ, ಎದ್ದು ನಿಂತರು. ಕುಣಿಯಲು ಎದ್ದರೆಂದು ಎಲ್ಲರೂ ದಾರಿ ಬಿಟ್ಟರು.

"ಅವಳು ಕುಣಿಯುವಾಗ ಬಿದ್ದದ್ದಲ್ಲ ತೀರ್ಥ," ಎಂದರು. "ಕುಣಿದದ್ದು ನಾನು. ಅಡಿಕೆ ಮೇಲೆ. ನನ್ನನ್ನು ಹಿಡಿಯಲು ಹಾರಿ ಅವಳ ಕಾಲು ಹೋಯಿತು. ನಾನು ಕುಣಿದದ್ದಕ್ಕೆ ಇವತ್ತು ಅವಳು ಕೂತದ್ದು."

ದೀಪದ ಹತ್ತಿರ ನಿಂತಿದ್ದ ವಸುಮತಿ ಬಾಯಿ ತೆರೆದವಳು ಮುಚ್ಚಲಿಲ್ಲ. ಕೃಷ್ಣಮೋಹನರು ಕುಳಿತುಕೊಳ್ಳಲು ನೋಡಿದರು. ಇಷ್ಟು ದಿನ ಒಂದು ಬೈಗುಳವನ್ನೂ ಕೊಡದೆ ಅವರನ್ನು ಸುಟ್ಟ ಕೌಸಲ್ಯಕ್ಕ, ಬ್ಯಾಗಿನಿಂದ ತಲೆ ಎತ್ತದೆ, ಪಂಚೆಯ ಅಂಚನ್ನು ಮೆಲ್ಲನೆ ಹಿಡಿದು ಜಗ್ಗಿದರು.

"ಈಗಲೇ ಕೂತುಕೊಳ್ಳುದಲ್ಲ," ಎಂದರು. "ಕಾಯಿ ಕಟ್ಟಿದ್ದನ್ನೂ ಹೇಳಿ."

ಕೃಷ್ಣಮೋಹನರು ಅದನ್ನೂ ಹೇಳಿದರು.